ಕತ್ತಿಗೊಂದು ಪಥ್ಯ

ಫಿಜಿಯೋಥೆರಪಿ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ಮನೆಗೆ ಬಂದು, "ಸರ್, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಅವರಿಗೆ ಬೇಕಾದದ್ದು ಅನುಭವವಲ್ಲ, ಕಾಫಿ. ಅದು ನನಗೂ ಗೊತ್ತು. ಆದರೂ ಕೇಳಿದ ತಪ್ಪಿಗೆ ಅನುಭವವನ್ನೂ ಕುಡಿಸಿಯೇ ಕಳಿಸುತ್ತೇನೆ. ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಈಗ ಬರೆದಿಡುತ್ತಿದ್ದೇನೆ. ಯಾವ ವರ್ಷ ಯಾವ ದರ್ಜೆಗೆ ಏರಿದೆ ಎಂಬ ವಿವರ ಇದರಲ್ಲಿಲ್ಲ. ಏರಿದ್ದನ್ನು ನನ್ನ ಹೆಂಡತಿಯೇ ಗಮನಿಸಿರಲಿಲ್ಲ, ನಿಮಗೇಕೆ ಆ ತೊಂದರೆ?

ನಾನು ದುಡಿದದ್ದು ಹಾಸನದ ಒಂದು ಆಸ್ಪತ್ರೆಯಲ್ಲಿ. ಹೆಸರು ಬೇಡ, ಇದ್ದವರಿಗೆ ಗೊತ್ತು, ಇಲ್ಲದವರಿಗೆ ಉಪಯೋಗವಿಲ್ಲ. ವಾರಕ್ಕೊಮ್ಮೆ ಆಸ್ಪತ್ರೆಯ ಜೀಪಿನಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಸರದಿಯ ಮೇಲೆ ಶಿಬಿರಕ್ಕೂ ಹೋಗುತ್ತಿದ್ದೆವು. ಈ ಮೂರು ತಾಲ್ಲೂಕುಗಳಲ್ಲಿ ನನ್ನ ಹುದ್ದೆಯ ಹೆಸರನ್ನು ಪೂರ್ತಿ ಉಚ್ಚರಿಸಿದ ಒಬ್ಬ ರೋಗಿಯನ್ನೂ ನಾನು ಕಂಡಿಲ್ಲ. ಎಲ್ಲರಿಗೂ ನಾನು 'ಕರೆಂಟ್ ಕೊಡೋ ಡಾಕ್ಟ್ರು'. ಒದ್ದೆ ಪಟ್ಟಿಗಳನ್ನು ಮಂಡಿಗೋ ಭುಜಕ್ಕೋ ಕಟ್ಟಿ ಸಣ್ಣಗೆ ವಿದ್ಯುತ್ ಹಾಯಿಸುವ ಪೆಟ್ಟಿಗೆಯೊಂದು ನನ್ನ ಬಳಿ ಇತ್ತು. ವ್ಯಾಯಾಮ ಹೇಳಿಕೊಟ್ಟರೆ ಮುಖ ಸಿಂಡರಿಸುವ ಜನ ಆ ಪೆಟ್ಟಿಗೆಯನ್ನು ಕಂಡರೆ ಕೈಮುಗಿಯುತ್ತಿದ್ದರು.

ಅರಕಲಗೂಡಿನ ಶಿಬಿರದಲ್ಲಿ ಮಂಡಿನೋವಿನ ಅಜ್ಜಿಯೊಬ್ಬಳಿಗೆ ಪಟ್ಟಿ ಕಟ್ಟಿ ಗುಂಡಿ ತಿರುಗಿಸಿದೆ.

"ಜುಮ್ ಅಂತಿದೆಯಾ ಅಜ್ಜಿ?"

"ಇರುವೆ ಅರ್ದಂಗಾಯ್ತದೆ ಕಣಪ್ಪ. ಅಷ್ಟೇಯಾ?"

"ಅಷ್ಟೇ."

"ಇನ್ನೊಸಿ ಬುಡು."

"ಜಾಸ್ತಿ ಬಿಡಬಾರದು ಅಜ್ಜಿ."

"ಯಾಕೆ, ಕರೆಂಟ್ ಬಿಲ್ಲು ನೀನ್ ಕಟ್ಟೀಯಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಷ್ಟರಲ್ಲಿ ಊರಿನ ಕರೆಂಟೇ ಹೋಯಿತು. ನಾನು ಬೇರೊಬ್ಬರ ಕೈ ನೋಡುತ್ತಾ ಅಜ್ಜಿಯನ್ನು ಮರೆತೆ. ಬಹಳ ಹೊತ್ತಿನ ಮೇಲೆ ಓಡಿಬಂದರೆ, ಸತ್ತ ಪೆಟ್ಟಿಗೆಗೆ ಕಾಲು ಕೊಟ್ಟುಕೊಂಡು ಕಣ್ಣುಮುಚ್ಚಿ ಮಲಗಿದ್ದಾಳೆ. "ಈಗ ಚೆಂದಾಗಿ ಇಡೀತು ನೋಡ್ ಮಗ" ಎಂದವಳೇ ಎದ್ದು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡೆದುಬಿಟ್ಟಳು. ನಾವು ಕೊಡುವುದು ಸ್ವಲ್ಪ, ರೋಗಿ ಮನೆಯಿಂದ ತರುವುದು ಬಹಳ ಎಂದು ನನಗೆ ಕಲಿಸಿದ್ದು ಕಾಲೇಜಲ್ಲ, ಆ ಅಜ್ಜಿ.

ಇನ್ನು ಮೇಲಧಿಕಾರಿಗಳು. ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ವಿಜ್ಞಾನದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮೈ ತಿಕ್ಕುವುದು, ನೆಟಿಕೆ ತೆಗೆಯುವುದು, ಮೂಳೆ ಕೂರಿಸುವುದು ಇವೆಲ್ಲ ಅವೈಜ್ಞಾನಿಕ, ಸಿಬ್ಬಂದಿ ಯಾರೂ ಇವನ್ನು ಪ್ರೋತ್ಸಾಹಿಸತಕ್ಕದ್ದಲ್ಲ ಎಂದು ಸುತ್ತೋಲೆ ಹೊರಡಿಸಿದ್ದರು. ಅದಾದ ವಾರವೇ ಹೊಳೆನರಸೀಪುರದ ಶಿಬಿರ. ಊಟದ ಬಿಡುವಿನಲ್ಲಿ ಗಡ್ಡ ತೆಗೆಸಲು ಒಂದು ಕ್ಷೌರದಂಗಡಿಗೆ ಹೊಕ್ಕೆ. ಒಳಗಿನ ಕುರ್ಚಿಯಲ್ಲಿ ಸಾಹೇಬರು! ಅವರ ಗದ್ದ ಕ್ಷೌರಿಕನ ಒಂದು ಕೈಯಲ್ಲಿ, ಬುರುಡೆ ಇನ್ನೊಂದು ಕೈಯಲ್ಲಿ. ನಾನು ಬಾಗಿಲು ದಾಟುವುದಕ್ಕೂ ಕತ್ತು ಲಟಕ್ಕೆನ್ನುವುದಕ್ಕೂ ಸರಿಹೋಯಿತು.

ಸಾಹೇಬರು ಕನ್ನಡಿಯಲ್ಲಿ ನನ್ನನ್ನು ಕಂಡರು. "ಕಟಿಂಗ್‌ಗೆ ಬಂದಿದ್ದೆ" ಎಂದರು.

ಅವರ ತಲೆ ಕತ್ತರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. "ನಾನೂ ಅಷ್ಟೇ ಸರ್" ಎಂದು ಪಕ್ಕದ ಕುರ್ಚಿಯಲ್ಲಿ ಕೂತೆ. ಸುತ್ತೋಲೆಯನ್ನು ಅವರು ಹಿಂಪಡೆಯಲಿಲ್ಲ, ನಾವು ನೆನಪಿಸಲಿಲ್ಲ. ಕಚೇರಿ ನಡೆಯುವುದೇ ಹೀಗೆ.

ಕಾಲ ಬದಲಾಯಿತು. ನೋವಿನ ಕೀಲಿಗೆ ಹಚ್ಚುತ್ತಿದ್ದ ಬಿಸಿ ಮೇಣ ಹೋಯಿತು, ಕಾವು ಕೊಡುತ್ತಿದ್ದ ಕೆಂಪು ದೀಪ ಹೋಯಿತು. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಹಾಸನಕ್ಕೂ ಕೈರೋಪ್ರಾಕ್ಟಿಕ್ ಬಂತು. ಕೈಯಿಂದಲೇ ಬೆನ್ನುಮೂಳೆಯ ಕೀಲುಗಳನ್ನು ಒತ್ತಿ, ತಿರುಗಿಸಿ, ಸಡಿಲಿಸುವ ವಿದ್ಯೆ. ತಂದವನು ಚನ್ನರಾಯಪಟ್ಟಣ ಕಡೆಯ ಹುಡುಗ ಚೇತನ್. ಹೊರಗೆಲ್ಲೋ ಕಲಿತು ಬಂದು ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಕ್ಲಿನಿಕ್ ತೆರೆದ. ಅವನ ಮಂಚ ತುಂಡು ತುಂಡಾಗಿತ್ತು. ರೋಗಿಯ ಬೆನ್ನು ಒತ್ತಿದರೆ ಕೆಳಗಿನ ತುಂಡು ಟಕ್ಕನೆ ಒಂದು ಅಂಗುಲ ಕುಸಿಯುತ್ತಿತ್ತು. ಶಬ್ದ ಮಾತ್ರ ಬೇಕರಿಯವರೆಗೂ ಕೇಳುತ್ತಿತ್ತು. ಬನ್ನು ತಿನ್ನುತ್ತಿದ್ದವರು ಮೇಲೆ ನೋಡಿ, "ಇನ್ನೊಬ್ಬಂದು ಕೂತ್ಕತು" ಎನ್ನುತ್ತಿದ್ದರು. ಸದ್ದಿಲ್ಲದ ಚಿಕಿತ್ಸೆಗೆ ನಮ್ಮ ಜಿಲ್ಲೆಯಲ್ಲಿ ಎಂದೂ ಮರ್ಯಾದೆ ಇರಲಿಲ್ಲ. ನನ್ನ ಪೆಟ್ಟಿಗೆಯ ಗಿರಾಕಿಗಳು ಒಬ್ಬೊಬ್ಬರಾಗಿ ಮಹಡಿ ಹತ್ತಿದರು.

ನಮ್ಮ ಆಸ್ಪತ್ರೆಯ ನರರೋಗ ತಜ್ಞೆ ಡಾಕ್ಟರ್ ವಸುಧಾ ಒಂದು ಬೆಳಿಗ್ಗೆ ನನ್ನನ್ನು ಕರೆಸಿದರು. ಮೂರ್ಛೆರೋಗದವರಿಗೆಂದೇ ಅವರು ಹೊರರೋಗಿ ವಿಭಾಗ ನಡೆಸುತ್ತಿದ್ದರು. ಸಣ್ಣ ಆಳು, ದೊಡ್ಡ ದನಿ.

"ಆ ಬೇಕರಿ ಮೇಲಿನ ಫ್ಲೆಕ್ಸ್ ನೋಡಿದ್ರಾ? ಬೆನ್ನುನೋವು, ಕತ್ತುನೋವು, ಸೊಂಟನೋವು, ಕೊನೆಗೆ ಮೂರ್ಛೆ! ನೀವೇ ಹೋಗಿ ವಿಚಾರಿಸ್ಕೊಂಡು ಬನ್ನಿ. ನಾನು ಹೋದ್ರೆ ಜಗಳ ಆಗುತ್ತೆ."

ಹೋದೆ. ಚೇತನ್ ಎದ್ದು ನಿಂತು ಕುರ್ಚಿ ಕೊಟ್ಟ. ವಿಷಯ ಕೇಳಿ ಬೆವರಿದ. "ನಾನು ಬರ್ಸಿದ್ದಲ್ಲ ಸರ್. ಕೆಳಗೆ ಜಾಗ ಮಿಕ್ಕಿತ್ತು ಅಂತ ಫ್ಲೆಕ್ಸ್‌ನವನೇ ಸೇರಿಸ್ಬಿಟ್ಟಿದಾನೆ."

ಆವತ್ತೇ ಆ ಪದದ ಮೇಲೆ ಬಿಳಿ ಕಾಗದ ಅಂಟಿಸಿದ. ಅದರಿಂದ ಆದ ಪರಿಣಾಮವೆಂದರೆ, ಅಲ್ಲಿಯವರೆಗೆ ಫ್ಲೆಕ್ಸನ್ನು ಓದದಿದ್ದವರೂ "ಆ ಬಿಳೀದರ ಅಡೀಲಿ ಏನೈತೆ?" ಎಂದು ಕೇಳತೊಡಗಿದರು. ಮುಚ್ಚಿದ ಪದದಷ್ಟು ಪ್ರಚಾರ ತೆರೆದ ಪದಕ್ಕಿಲ್ಲ.

ಹುಡುಗ ಪ್ರಾಮಾಣಿಕ. ಡಾಕ್ಟರಿಗೂ ಅವನಿಗೂ ನಡುವೆ ನಾನು ಓಡಾಡಿ ಒಂದು ಒಪ್ಪಂದ ಮಾಡಿಸಿದೆ. ಮೂರ್ಛೆ ಬಂದು ಬಿದ್ದವರಿಗೆ ಕತ್ತು, ಬೆನ್ನು ಹಿಡಿದುಕೊಂಡು ವಾರಗಟ್ಟಲೆ ನೋಯುವುದುಂಟು. ನೋವಿನಿಂದ ನಿದ್ದೆ ಕೆಡುತ್ತದೆ, ಕೆಟ್ಟ ನಿದ್ದೆ ಮತ್ತೆ ಮೂರ್ಛೆಯನ್ನು ಕರೆಯಬಹುದು. ಅಂಥವರನ್ನು ಡಾಕ್ಟರ್ ಪರೀಕ್ಷಿಸಿ ಒಪ್ಪಿದರೆ ಮಾತ್ರ ಚೇತನ್ ಮುಟ್ಟುವುದು. ಕತ್ತನ್ನು ಲಟಕ್ಕೆನಿಸುವಂತಿಲ್ಲ, ನಯವಾಗಿ ಒತ್ತಿ ಸಡಿಲಿಸುವುದಷ್ಟೇ. ಮಾತ್ರೆ ಡಾಕ್ಟರದ್ದು, ಅದರ ಸುದ್ದಿಗೆ ಅವನು ಹೋಗುವಂತಿಲ್ಲ. ಬೆನ್ನುಮೂಳೆ ಒತ್ತಿದರೆ ಮೂರ್ಛೆ ನಿಲ್ಲುತ್ತದೆಂಬುದಕ್ಕೆ ಡಾಕ್ಟರೂ ಆಧಾರ ಕಂಡಿರಲಿಲ್ಲ, ನಾನೂ ಕಂಡಿಲ್ಲ. ನೋವು ಕಡಿಮೆಯಾದದ್ದನ್ನು ಕಂಡಿದ್ದೇನೆ. ಎರಡನ್ನೂ ಒಂದೇ ಮಾಡಿಕೊಳ್ಳಬೇಡಿ. ಈ ಬರಹದಲ್ಲಿ ನಾನು ಗಂಭೀರವಾಗಿ ಹೇಳುತ್ತಿರುವ ಮಾತು ಇದೊಂದೇ.

ಒಪ್ಪಂದದಲ್ಲಿ ಎಲ್ಲವೂ ಇತ್ತು, ಪಥ್ಯ ಒಂದನ್ನು ಬಿಟ್ಟು. ಆ ತೂತಿನಿಂದಲೇ ಒಳಬಂದವನು ರಂಗಪ್ಪ.

ರಂಗಪ್ಪ ಬಾಗೂರಿನವನು, ಮದುವೆ ಅಡುಗೆಯವನು. ಚನ್ನರಾಯಪಟ್ಟಣದ ಸುತ್ತಿನ ಚೌಟ್ರಿಗಳಲ್ಲಿ ಅವನ ಬದನೆಕಾಯಿ ಎಣ್ಣೆಗಾಯಿಗಾಗಿ ಮದುವೆಯ ಮುಹೂರ್ತವನ್ನೇ ಮುಂದೂಡಿದವರಿದ್ದಾರೆಂದು ಅವನೇ ಹೇಳುತ್ತಿದ್ದ. ಹೆಂಡತಿ ಜಯಮ್ಮ ತರಕಾರಿ ಹೆಚ್ಚುವವರ ಮೇಸ್ತ್ರಿ. ಅವಳ ಈಳಿಗೆಮಣೆಗಿಂತ ನಾಲಿಗೆ ಹರಿತ. ಒಂದು ಮದುವೆಯಲ್ಲಿ ಕುದಿಯುವ ಸಾರಿನ ಕೊಳದಪ್ಪಲೆಯ ಪಕ್ಕದಲ್ಲೇ ರಂಗಪ್ಪನಿಗೆ ಮೂರ್ಛೆ ಬಂತು. ಜಯಮ್ಮ ಪಂಚೆ ಹಿಡಿದು ಈಚೆಗೆ ಎಳೆದದ್ದರಿಂದ ಅವನು ಬಿದ್ದದ್ದು ತರಕಾರಿ ರಾಶಿಯ ಮೇಲೆ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂಬ ನಂಬಿಕೆ ನಮ್ಮಲ್ಲಿ ಇದೆಯಷ್ಟೆ. ಬೇರೆ ಕಡೆ ಬೀಗದ ಕೈ ಹುಡುಕುತ್ತಾರೆ; ಅಡುಗೆಮನೆಯಲ್ಲಿ ಕಬ್ಬಿಣಕ್ಕೇನು ಬರ? ಕರಿದದ್ದನ್ನು ಎತ್ತುವ ಜಾರ, ಸಟ್ಟುಗ, ಬಾಣಲೆಯ ಮುಚ್ಚಳ, ಎಲ್ಲವನ್ನೂ ತಂದು ಅವನ ಕೈಗೆ ತುರುಕಿದರಂತೆ. ಎಚ್ಚರವಾದಾಗ ರಂಗಪ್ಪ ಯುದ್ಧಕ್ಕೆ ಹೊರಟ ದಳವಾಯಿಯ ಹಾಗೆ ಮಲಗಿದ್ದನಂತೆ. (ಹೊಸಬರಿಗೆ: ಕಬ್ಬಿಣ ಬೇಡ, ಬಾಯಿಗೆ ಏನನ್ನೂ ತುರುಕಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ಬಿಗಿದ ಬಟ್ಟೆ ಸಡಿಲಿಸಿ, ಪಕ್ಕದಲ್ಲಿರಿ. ಬೇಗ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಿರಿ.)

ಡಾಕ್ಟರ್ ವಸುಧಾ ಮಾತ್ರೆ ಬರೆದರು. "ಮೂರ್ಛೆ ಬರದೆ ಒಂದು ವರ್ಷ ತುಂಬಲಿ. ಅಲ್ಲಿವರೆಗೂ ಒಲೆ ಹತ್ರ ಹೋಗಬೇಡಿ. ಆಮೇಲೆ ನೋಡೋಣ."

"ಒಲೆ ಬುಟ್ಟು ನಾನೆಂಗಿರದು ಮೇಡಮ್ಮೋರೇ? ಮೀನಿಗೆ ನೀರು ಬುಡು ಅಂದಂಗಾತು."

"ಮೀನು ಸಾರಲ್ಲಿ ಬೀಳೋದಕ್ಕಿಂತ ವಾಸಿ ಅಲ್ವಾ?" ಎಂದಳು ಜಯಮ್ಮ.

ರಂಗಪ್ಪನಿಗೆ ಬೇಕಾಗಿದ್ದುದು ಅದೊಂದೇ, ಮತ್ತೆ ಒಲೆಯ ಮುಂದೆ ನಿಲ್ಲುವುದು. ಅವನು ಆರೋಗ್ಯವನ್ನು ಕೇಳಲಿಲ್ಲ, ಆಯಸ್ಸನ್ನು ಕೇಳಲಿಲ್ಲ. ಬಂದಾಗಲೆಲ್ಲ ಕೇಳುತ್ತಿದ್ದುದು ಒಲೆಯನ್ನು. ಬಿದ್ದ ಪೆಟ್ಟಿಗೆ ಕತ್ತು ಹಿಡಿದಿದ್ದರಿಂದ ಡಾಕ್ಟರ ಒಪ್ಪಿಗೆ ಪಡೆದು ನಾನೇ ಅವನನ್ನು ಚೇತನ್ ಬಳಿ ಕಳಿಸಿದೆ. ಕೆಲವು ಸಲ ಒತ್ತಿಸಿಕೊಂಡ ಮೇಲೆ ಕತ್ತು ಹಗುರಾಯಿತು. ಆಗ ರಂಗಪ್ಪ ಚೇತನ್‌ನನ್ನು ಒಂದು ಪ್ರಶ್ನೆ ಕೇಳಿದ, ನಮ್ಮ ಕಡೆಯವರು ಯಾವ ವೈದ್ಯರನ್ನಾದರೂ ಕೇಳುವ ಪ್ರಶ್ನೆ.

"ಪಥ್ಯ ಏನ್ ಸಾ?"

"ಏನೂ ಇಲ್ಲ, ಎಲ್ಲ ತಿನ್ನಿ" ಎಂದ ಚೇತನ್. ಹುಡುಗ ತಪ್ಪು ಹೇಳಲಿಲ್ಲ. ಆದರೆ ಪಥ್ಯವಿಲ್ಲದ ಔಷಧಿಯೆಂದರೆ ನಮ್ಮವರ ಲೆಕ್ಕದಲ್ಲಿ ಬೀಗವಿಲ್ಲದ ಪೆಟ್ಟಿಗೆ. ಒಳಗೆ ಏನಾದರೂ ಇದ್ದಿದ್ದರೆ ಬೀಗ ಹಾಕುತ್ತಿರಲಿಲ್ಲವೇ? ರಂಗಪ್ಪ ಊರಿಗೆ ಹೋಗಿ ಆಲೋಚಿಸಿದ. ಕತ್ತಿನ ಕೆಲಸ ಚೆನ್ನಾಗಿ ಹಿಡಿದಿದೆ, ಪಥ್ಯ ಇರಲೇಬೇಕು, ಹುಡುಗನಿಗೆ ಗೊತ್ತಿಲ್ಲ ಅಷ್ಟೆ. ಎರಡು ಔಷಧಿ ಒಂದೇ ಮೈಯಲ್ಲಿ ಸೇರಬಾರದು ಎಂಬ ಹಳೆಯ ನಿಯಮ ನೆನಪಾಯಿತು. ಕತ್ತಿನ ಚಿಕಿತ್ಸೆಗೆ ಗೌರವ ಕೊಟ್ಟು ಮಾತ್ರೆ ನಿಲ್ಲಿಸಿದ. ಕೆಲವೇ ದಿನಗಳಲ್ಲಿ ಮನೆಯ ಜಗುಲಿಯ ಮೇಲೆ ಮೂರ್ಛೆ ಬಂದು ಬಿದ್ದ.

ವರ್ಷದ ಎಣಿಕೆ ಮತ್ತೆ ಮೊದಲಿನಿಂದ ಶುರು. ಡಾಕ್ಟರ ಕೋಣೆಯಲ್ಲಿ ನಾವು ಮೂವರು ಸಭೆ ಸೇರಿದೆವು. ಡಾಕ್ಟರು ಕೆಂಪಾಗಿದ್ದರು, ಚೇತನ್ ಬಿಳುಪಾಗಿದ್ದ.

"ಎಷ್ಟು ಹೇಳಿದೀನಿ ಅವನಿಗೆ! ಮಾತ್ರೆ ಬಿಡಬೇಡ, ಬಿಡಬೇಡ ಅಂತ."

"ನೀವು ಹೇಳಿದ್ದು ಬುದ್ಧಿ ಮೇಡಂ. ಅವನಿಗೆ ಬೇಕಾಗಿರೋದು ಪಥ್ಯ" ಎಂದೆ. "ಕೊಟ್ಟುಬಿಡೋಣ."

ಅಲ್ಲೇ ಕೂತು ಒಂದು ಪಥ್ಯ ಕಟ್ಟಿದೆ. ಕತ್ತಿನ ಚಿಕಿತ್ಸೆ ನಡೆಯುವಷ್ಟು ಕಾಲ ಬದನೆಕಾಯಿ ಮುಟ್ಟುವಂತಿಲ್ಲ. ಹೆಂಡ ಕೂಡದು. ರಾತ್ರಿ ನಿದ್ದೆ ಕೆಡುವಂತಿಲ್ಲ. ಬೆಳಿಗ್ಗೆ ಸಂಜೆ ಮಾತ್ರೆ ತಪ್ಪಿದರೆ ಕೂತ ಕತ್ತು ಮತ್ತೆ ಏಳುತ್ತದೆ.

"ಇದು ಸುಳ್ಳು" ಎಂದರು ಡಾಕ್ಟರು.

"ಯಾವುದು ಮೇಡಂ? ಹೆಂಡ, ನಿದ್ದೆ, ಮಾತ್ರೆ ಎಲ್ಲ ನಿಮ್ಮ ಚೀಟಿಯಲ್ಲಿರೋದೇ. ಮಾತ್ರೆ ತಪ್ಪಿ ಮೂರ್ಛೆ ಬಂದು ಬಿದ್ದರೆ ಕತ್ತು ಏಳೋದೂ ನಿಜ. ಸುಳ್ಳು ಅಂದರೆ ಬದನೆಕಾಯಿ ಒಂದೇ."

"ಅದು ಯಾಕೆ ಬೇಕು?"

"ಕಷ್ಟವಿಲ್ಲದ ಪಥ್ಯವನ್ನ ಯಾರು ನಂಬುತ್ತಾರೆ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ನಾನು ಇದನ್ನ ಕೇಳಿಸ್ಕೊಂಡಿಲ್ಲ" ಎಂದು ಮುಂದಿನ ರೋಗಿಯನ್ನು ಕರೆದರು.

ಪಥ್ಯ ಕೇಳಿದ ರಂಗಪ್ಪನ ಮುಖ ಬೆಳಗಿತು. "ನೋಡಿ ಸಾ, ಈಗ ಔಷ್ದಿ ಅಂದ್ರೆ ಔಷ್ದಿ! ಆ ಹುಡ್ಗಂಗೆ ಮದ್ಲೇ ಏಳ್ಕೊಡಕ್ಕಾಯ್ತಿರ್ಲಿಲ್ವಾ?" ಆಮೇಲೆ ಬದನೆಕಾಯಿ ನೆನಪಾಗಿ ಕಣ್ಣಲ್ಲಿ ನೀರೇ ಬಂತು. ಆದರೂ ಜಯಮ್ಮನ ಕಾವಲಿನಲ್ಲಿ ವ್ರತದಂತೆ ನಡೆಸಿದ. ರಾತ್ರಿಯ ಮದುವೆಗಳನ್ನು ಬಿಟ್ಟ. ಜಿನನಾಥಪುರದ ಕಡೆಯ ಜೈನರ ಮನೆಗಳ ಊಟ ಹೊತ್ತು ಮುಳುಗುವ ಮೊದಲೇ ಮುಗಿಯುವುದರಿಂದ ಅವನ್ನು ಹಿಡಿದ. ತಾನು ದೂರ ಕೂತು ಹೇಳುವುದು, ಒಲೆಯ ಮುಂದೆ ಆಳುಗಳು. ಮಾತ್ರೆ ಒಂದು ಹೊತ್ತೂ ತಪ್ಪಲಿಲ್ಲ, ಮೂರ್ಛೆ ಬರಲಿಲ್ಲ. ಪಥ್ಯದ ಕೀರ್ತಿ ಹಬ್ಬಿ, ಮಂಡಿನೋವಿನವರೂ ಬಂದು "ನಮ್ಗೂ ಒಂದ್ ಪಥ್ಯ ಏಳಿ ಸಾ" ಎನ್ನತೊಡಗಿದರು. ಚೇತನ್ ನನ್ನನ್ನು ಗುರುವೆಂದು ಕರೆದ. ನಾನು ಬೇಡವೆನ್ನಲಿಲ್ಲ.

ಹೀಗೆ ಅರ್ಧ ವರ್ಷ ಕಳೆಯಿತು. ಒಂದು ದಿನ ಚೇತನ್ ರಂಗಪ್ಪನ ಕತ್ತು ನೋಡಿ, "ಪೂರ್ತಿ ಸರಿಯಾಗಿದೆ, ಇನ್ನು ಬರೋದು ಬೇಡ" ಎಂದ. ಅದರ ಮಾರನೆಯ ವಾರ ರಂಗಪ್ಪ ಮೂವರಿಗೂ ಫೋನು ಮಾಡಿ ಬಾಗೂರಿಗೆ ಭಾನುವಾರದ ಊಟಕ್ಕೆ ಕರೆದ. ಡಾಕ್ಟರು ರೋಗಿಗಳ ಮನೆಗೆ ಹೋಗುವವರಲ್ಲ. ಆ ಎಣ್ಣೆಗಾಯಿಯ ಖ್ಯಾತಿ ಅವರಿಗೂ ಮುಟ್ಟಿತ್ತೆಂದು ಕಾಣುತ್ತದೆ, ಬಂದರು.

ಎಲೆ ಹಾಕಿದರು. ಮೊದಲು ಬಂದದ್ದೇ ಎಣ್ಣೆಗಾಯಿ. ಎಲೆಯ ಮಧ್ಯೆ ಬದನೆಕಾಯಿ ಹೊಳೆಯುತ್ತಾ ಕೂತಿತು. ರಂಗಪ್ಪ ತನ್ನ ಎಲೆಯ ಮುಂದೆ ಕೈಮುಗಿದು ಒಂದು ತುತ್ತು ಬಾಯಿಗಿಟ್ಟು ಕಣ್ಣುಮುಚ್ಚಿದ.

"ಇವತ್ತು ಪಥ್ಯ ಮುರಿಯೋ ಊಟ ಸಾ! ಬೆಳಿಗ್ಗೇನೇ ಎಣ್ಣೆ ನೀರು ಆಕ್ಕಂಡೆ. ಬದ್ನೇಕಾಯಿ ತಿಂದಾಯ್ತು. ಮಾತ್ರೆನೂ ಇವತ್ತಿಂದ ಬುಟ್ಟೆ. ಉಳ್ದಿದ್ದ ಮಾತ್ರೇನ ದೇವರ ಮುಂದೆ ಮಡಗಿವ್ನಿ."

ನನ್ನ ಕೈಯಲ್ಲಿದ್ದ ತುತ್ತು ದಾರಿಯಲ್ಲೇ ನಿಂತಿತು. ಪಥ್ಯವೆಂದ ಮೇಲೆ ಅದಕ್ಕೆ ಮುಕ್ತಾಯವೂ ಉಂಟು, ಮುರಿಯುವ ಊಟವೂ ಉಂಟು ಎಂಬುದು ನಮ್ಮ ಕಡೆಯ ಮಗುವಿಗೂ ಗೊತ್ತು. ಪಥ್ಯ ಕಟ್ಟಿದ ಪಂಡಿತನಿಗೆ ಮಾತ್ರ ಹೊಳೆದಿರಲಿಲ್ಲ.

"ಬರೋ ವಾರ ಚನ್ನರಾಯಪಟ್ಟಣದಾಗೆ ದೊಡ್ ಮದ್ವೆ ಒಪ್ಕಂಡಿವ್ನಿ" ಎಂದು ರಂಗಪ್ಪ ಮುಂದುವರಿಸಿದ. "ಒಲೆ ಮುಂದೆ ನಾನೇ ನಿಲ್ಲದು."

ಡಾಕ್ಟರು ನನ್ನನ್ನು ನೋಡಿದರು. ನಾನು ಸಾರನ್ನು ನೋಡಿದೆ. ಚೇತನ್ ನೋಡಲು ಏನೂ ಸಿಗದೆ ಮಜ್ಜಿಗೆ ಕುಡಿದ.

"ರಂಗಪ್ಪ, ಮಾತ್ರೆ ಪಥ್ಯ ಅಲ್ಲ" ಎಂದು ಡಾಕ್ಟರು ಶುರುಮಾಡಿದರು. ಮಿದುಳು, ನರ, ಅದರಲ್ಲಿ ಹರಿಯುವ ವಿದ್ಯುತ್ತು, ಮಾತ್ರೆ ಅದನ್ನು ಹಿಡಿದಿಡುವ ಬಗೆ, ಒಮ್ಮೆಗೇ ನಿಲ್ಲಿಸಿದರೆ ಆಗುವ ಅಪಾಯ, ಎಲ್ಲವನ್ನೂ ಹೇಳಿದರು. ರಂಗಪ್ಪ ಮಂತ್ರಿಗಳ ಭಾಷಣ ಕೇಳುವವನಂತೆ ವಿನಯದಿಂದ ತಲೆದೂಗಿದ.

"ಅದ್ ಸರಿ ಮೇಡಮ್ಮೋರೇ. ಆದ್ರೆ ಕತ್ತಿಗೆ ಪಥ್ಯ ಅಂತ ಈ ಸಾಮಿಯೋರೇ ಏಳಿದ್ದು. ಕತ್ತು ವಾಸಿ ಆಯ್ತು, ಪಥ್ಯ ಮುಗೀತು. ಮುರುದ್ ಪಥ್ಯ ತಿರ್ಗಾ ಇಡ್ಯಕ್ಕಾಯ್ತದಾ?"

"ಪಥ್ಯ ಅಂದಿದ್ದು ನೀನು ಮಾತ್ರೆ ತಗೊಳ್ಳಲಿ ಅಂತ ಕಣಯ್ಯ" ಎಂದೆ.

"ಅಂಗಾದ್ರೆ ಬದ್ನೇಕಾಯಿ?"

"ಅದೂ ಅದಕ್ಕೇ."

ರಂಗಪ್ಪ ನನ್ನನ್ನು ನೋಡಿದ ನೋಟ ಇಂದಿಗೂ ನೆನಪಿದೆ. ಮೂರ್ಛೆಯನ್ನು ಅವನು ಕ್ಷಮಿಸಿಯಾನು. "ಆರ್ ತಿಂಗ್ಳು ಸಾ! ಅದೂ ನನ್ ಕೈಯಾಗಿನ್ ಎಣ್ಣೆಗಾಯಿ!" ಎಂದು ಉಸಿರುಬಿಟ್ಟ. "ಇನ್ ನಿಮ್ ಮಾತ್ನ ಎಂಗೆ ನಂಬದು?"

ನ್ಯಾಯವಾದ ಪ್ರಶ್ನೆ. ಮುಂದಿನ ವಾರ ಈ ಮನುಷ್ಯ ಮಾತ್ರೆಯಿಲ್ಲದೆ ಕುದಿಯುವ ಕೊಳದಪ್ಪಲೆಯ ಮುಂದೆ ನಿಲ್ಲುತ್ತಾನೆ ಎಂಬುದೊಂದೇ ಕಣ್ಣಮುಂದೆ ಬರುತ್ತಿತ್ತು. ಎಣ್ಣೆಗಾಯಿ ರುಚಿಯಾಗಿತ್ತೆಂದು ಅಂದಾಜಿನ ಮೇಲೆ ಹೇಳುತ್ತಿದ್ದೇನೆ.

ಡಾಕ್ಟರು ಮಾತು ನಿಲ್ಲಿಸಿ ಅನ್ನಕ್ಕೆ ಸಾರು ಕಲಸಿಕೊಂಡರು. ಎರಡು ತುತ್ತು ಉಂಡು, "ರಂಗಪ್ಪ, ಈ ಸಾರಿಗೆ ಉಪ್ಪು ಹಾಕಿದ್ಯಾರು?" ಎಂದರು.

ರಂಗಪ್ಪ ಬೆಚ್ಚಿದ. "ನಾನೇ. ಯಾಕೆ, ಕಮ್ಮಿ ಆಯ್ತಾ?"

"ಸರಿಯಾಗಿದೆ. ನಾಳೆ ಸಾರಿಗೂ ಹಾಕ್ತೀರಾ?"

"ಆಕ್ದೆ?"

"ಯಾಕೆ? ಇವತ್ತು ಹಾಕಿದೀರಲ್ಲ."

"ಇದೇನ್ ಮೇಡಮ್ಮೋರೇ ಇಂಗಂತೀರಾ! ಇವತ್ತಿನ್ ಉಪ್ಪು ಇವತ್ತಿನ್ ಸಾರ್ಗೆ. ನಾಳೀಕೆ ಅದೆಂಗ್ ಬಂದಾತು?"

"ಇವತ್ತು ರುಚಿಯಾಗಿತ್ತು, ಸಾರಿನ ಕಾಯಿಲೆ ವಾಸಿಯಾಯ್ತು ಅಂತ ನಾಳೆ ಬಿಟ್ಟುಬಿಡಿ."

"ಬುಟ್ರೆ ಸಪ್ಪಗಾಯ್ತದೆ, ಜನ ಎಲೆ ಬುಟ್ಟು ಎದ್ದೋಯ್ತಾರೆ" ಎಂದವನು ಅಲ್ಲಿಗೇ ನಿಂತ. ಬಾಯಿ ತೆರೆದಿತ್ತು. ನಿಧಾನವಾಗಿ ಮುಚ್ಚಿದ.

"ಮಾತ್ರೆನೂ ಅಂಗೇಯಾ?" ಎಂದ.

"ಹಾಗೇ. ಇವತ್ತಿನ ಮಾತ್ರೆ ಇವತ್ತಿಗೆ."

"ಸಾಯೋಗಂಟಾ?"

"ಅದನ್ನ ನಾನು ಈಗಲೇ ಹೇಳಕ್ಕಾಗಲ್ಲ. ವರ್ಷಗಟ್ಟಲೆ ಬರದೇ ಇದ್ರೆ ನೋಡ್ಕೊಂಡು ನಿಧಾನವಾಗಿ ಕಡಿಮೆ ಮಾಡೋಣ. ನಾನು ಮಾಡಬೇಕು, ನೀವಲ್ಲ."

ಜಯಮ್ಮ ಅಷ್ಟರಲ್ಲಿ ದೇವರ ಗೂಡಿನಿಂದ ಮಾತ್ರೆಯ ಹಾಳೆಯನ್ನು ತಂದು, ಅದಕ್ಕೆ ಹತ್ತಿದ್ದ ಕುಂಕುಮವನ್ನು ಸೆರಗಿನಲ್ಲಿ ಒರೆಸಿ ಅವನ ಎಲೆಯ ಪಕ್ಕ ಇಟ್ಟಿದ್ದಳು. "ಬೆಳಗಿಂದು ತಪ್ಪೈತೆ, ಈಗ ನುಂಗ್ಲಾ ಮೇಡಮ್ಮೋರೇ?" ಎಂದು ಕೇಳಿ, ಡಾಕ್ಟರು ಹೂಂ ಎಂದಮೇಲೆ ರಂಗಪ್ಪ ನುಂಗಿದ. ಆಮೇಲೆ ದೊಡ್ಡ ಪ್ರಶ್ನೆ ಬಂತು.

"ಮದ್ವೆ ಒಪ್ಕಂಡ್ಬುಟ್ಟಿವ್ನಲ್ಲ. ಒಲೆ?"

"ವರ್ಷ ತುಂಬಲಿ" ಎಂದರು ಡಾಕ್ಟರು.

"ಆಳುಗಳ ಕೈಲಿ ದೊಡ್ ಮದ್ವೆ ಆಗಾಕಿಲ್ಲ. ಮರ್ವಾದೆ ಓಯ್ತದೆ."

"ನಾನ್ ನಿಂತ್ಕತೀನಿ" ಎಂದಳು ಜಯಮ್ಮ.

ರಂಗಪ್ಪ ನಕ್ಕ. "ಲೇ ಜಯಾ, ಮನೆ ಸಾರು ನಾಕ್ ಜನಕ್ಕೆ. ಅಲ್ಲಿ ಸಾವ್ರ ಜನ."

"ನೀರು ಜಾಸ್ತಿ ಉಯ್ಯದು, ಉಪ್ಪು ಜಾಸ್ತಿ ಆಕದು. ಅಷ್ಟೇ ತಾನೆ? ಇಪ್ಪತ್ ವರ್ಸದಿಂದ ಪಕ್ಕದಾಗೆ ಕುಂತು ಎಚ್ಚಿ ಕೊಟ್ಟಿವ್ನಿ, ನನ್ಗೇನ್ ಕಣ್ ಇಲ್ವಾ?"

ಆ ಮದುವೆಗೆ ನಾನೂ ಹೋಗಿದ್ದೆ. ಕರೆದಿರಲಿಲ್ಲ, ವೃತ್ತಿಯ ಕಾಳಜಿ ಎಂದು ನನಗೆ ನಾನೇ ಹೇಳಿಕೊಂಡೆ. ಚೌಟ್ರಿಯ ಅಡುಗೆಮನೆಯಲ್ಲಿ ಜಯಮ್ಮ ಸೊಂಟಕ್ಕೆ ಸೆರಗು ಬಿಗಿದು ಕೊಳದಪ್ಪಲೆಯ ಮುಂದೆ ನಿಂತಿದ್ದಳು. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ರಂಗಪ್ಪ. "ಲೇ, ಉಣ್ಸೆ ರಸ ಕಮ್ಮಿ ಬುಡೇ! ಲೇ, ಉರಿ ತಗ್ಸೇ!" ಎಂದು ಕೂಗುತ್ತಿದ್ದ. ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಅವನು ಎದ್ದು ಒಂದು ಹೆಜ್ಜೆ ಇಟ್ಟರೆ ಸಾಕು, ಜಾರ ಎತ್ತಿ ತೋರಿಸುತ್ತಿದ್ದಳು. ಹುಳಿ ಚೆನ್ನಾಗಿತ್ತು. ಎರಡನೆಯ ಪಂಕ್ತಿಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು, "ರಂಗಪ್ಪನ ಕೈ ಈಚೆಗೆ ಇನ್ನೂ ಕುದುರೈತೆ" ಎಂದರು. ಕೈ ಯಾರದೆಂದು ತಿದ್ದಲು ನಾನು ಹೋಗಲಿಲ್ಲ. ತಿದ್ದಿದರೆ ಹೋಳಿಗೆ ಬಡಿಸುವವನು ಮುಂದೆ ಹೋಗುತ್ತಿದ್ದ.

ನಾನು ನಿವೃತ್ತನಾಗುವ ತಿಂಗಳಲ್ಲಿ ರಂಗಪ್ಪನ ವರ್ಷ ತುಂಬಿತು. ಮೂರ್ಛೆ ಬಂದಿರಲಿಲ್ಲ. ಗಂಡಹೆಂಡಿರಿಬ್ಬರೂ ಹಾಸನಕ್ಕೆ ಬಂದರು. ರಂಗಪ್ಪ ಇಸ್ತ್ರಿ ಮಾಡಿದ ಶರಟು ಹಾಕಿದ್ದ. ಡಾಕ್ಟರು ಎಲ್ಲ ಪರೀಕ್ಷಿಸಿ, ಕೇಳಬೇಕಾದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾತ್ರೆ ಹೀಗೇ ನಡೀಲಿ. ಪಕ್ಕದಲ್ಲಿ ಯಾವಾಗಲೂ ಒಬ್ಬರು ಇರಬೇಕು. ರಾತ್ರಿ ನಿದ್ದೆ ಬಿಡಬಾರದು. ಇಷ್ಟಕ್ಕೆ ಒಪ್ಪೋದಾದ್ರೆ, ರಂಗಪ್ಪ, ಇನ್ನು ನೀವು ಒಲೆ ಮುಂದೆ ನಿಲ್ಲಬಹುದು."

ರಂಗಪ್ಪ ಎದ್ದು ನಿಂತ. ಡಾಕ್ಟರಿಗೆ ಕೈಮುಗಿದ, ನನಗೆ ಮುಗಿದ, ಗೋಡೆಯ ಮೇಲಿನ ಮಿದುಳಿನ ಪಟಕ್ಕೂ ಮುಗಿದ. ಕಣ್ಣು ಒರೆಸಿಕೊಂಡು ಹೆಂಡತಿಯ ಕಡೆ ತಿರುಗಿದ.

"ಕೇಳ್ದೇನೇ? ಬರೋ ಸೋಮವಾರದ ಮದ್ವೆಗೆ ಒಲೆ ಮುಂದೆ ನಾನೇ!"

ಜಯಮ್ಮ ಚೀಟಿಯನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು. ಚೀಲದ ಜಿಪ್ಪು ಎಳೆದಳು.

"ಒಲೆ ಕಾಲಿ ಇಲ್ಲ" ಎಂದಳು.

ರಂಗಪ್ಪ ಅವಳನ್ನು ನೋಡಿದ. ಅವಳು ಬಾಗಿಲನ್ನು ನೋಡುತ್ತಿದ್ದಳು. ಅವನು ನಿಧಾನವಾಗಿ ಡಾಕ್ಟರ ಕಡೆ ತಿರುಗಿದ.

ಡಾಕ್ಟರ್ ವಸುಧಾ ಕನ್ನಡಕ ಹಾಕಿಕೊಂಡು ಗಂಟೆ ಒತ್ತಿದರು. "ಅದು ನನ್ನ ವಿಭಾಗಕ್ಕೆ ಬರಲ್ಲ ರಂಗಪ್ಪ. ಮುಂದಿನವರು ಬನ್ನಿ."